ಮೂರನೆಯ ಹಾಡಿನ ಗೀರು

ಟಕ್. ಆಮೇಲೆ ಒಂದರ ಬೆನ್ನಿಗೆ ಒಂದು, ಟಕ್‌ಟಕ್‌ಟಕ್. ಅಲ್ಲಿಗೆ ತುಣುಕು ಮುಗಿಯಿತು.

ಬಸವಪ್ರಭು ಚಹಾದ ಕಪ್ಪನ್ನು ಕುಕ್ಕಿದ. ಮೊಬೈಲನ್ನು ಕಿವಿಗೆ ಒತ್ತಿಕೊಂಡು ಮತ್ತೆ ಕೇಳಿದ. ಸಂಶಯವೇ ಇಲ್ಲ, ಇದು ತನ್ನ ರೆಕಾರ್ಡಿನ ಗೀರು! ಕೇಶ್ವಾಪುರದ ತನ್ನ ಮನೆಯಿಂದ ಮಾಯವಾದ ರೆಕಾರ್ಡು ಉಣಕಲ್ಲಿನಲ್ಲಿ, ಹೆಂಡತಿಯ ತಮ್ಮ ಅಮರೇಶನ ಮನೆಯಲ್ಲಿ ತಿರುಗುತ್ತಿದೆ.

"ಕಳ್ಳ ಭಾಡ್ಯಾ!" ಎಂದು ಚಪ್ಪಲಿ ಮೆಟ್ಟಿದ.

ಹುಬ್ಬಳ್ಳಿ-ಧಾರವಾಡದಲ್ಲಿ ಜಾಝ್ ಹುಚ್ಚಿನವರು ಬೆರಳೆಣಿಕೆಯ ಮಂದಿ. ಅಷ್ಟೂ ಜನ, ಅಮರೇಶನೂ ಸೇರಿ, ಒಂದೇ ವಾಟ್ಸಾಪ್ ಗುಂಪಿನಲ್ಲಿದ್ದರು. ಭಾನುವಾರ ಬೆಳಿಗ್ಗೆ ತಮ್ಮ ಮನೆಯಲ್ಲಿ ಯಾವ ರೆಕಾರ್ಡು ಓಡುತ್ತಿದೆ ಎಂದು ಕವರಿನ ಫೋಟೊ, ಜೊತೆಗೆ ಒಂದು ಚಿಕ್ಕ ತುಣುಕು ಹಾಕಬೇಕು. ರೆಕಾರ್ಡಿನ ಮೇಲೆ ಮುಳ್ಳು ಓಡಿ ಬಂದ ಸದ್ದೇ ಆಗಬೇಕು, ಮೊಬೈಲಿಗೆ ಇಳಿಸಿಕೊಂಡದ್ದು ನಡೆಯದು. ಕೇಳಿ ಕೇಳಿ ಅವರ ಕಿವಿ ಎಂಥದಾಗಿತ್ತೆಂದರೆ, ಹಾಡಿಗಿಂತ ಮೊದಲು ಗೀರು ಕೇಳಿಸುತ್ತಿತ್ತು. ಯಾರ ಮನೆಯ ರೆಕಾರ್ಡು ಎಂದು ಗೀರಿನಿಂದಲೇ ಹೇಳಿಬಿಡುತ್ತಿದ್ದರು.

ಬಸವಪ್ರಭು ಇವರೆಲ್ಲರ ಗುರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಮನೆಯಲ್ಲೂ ಅಷ್ಟೇ. ಒಂದು ಸ್ಪೀಕರು ದೇವರ ಕೋಣೆಯ ಬಾಗಿಲಿಗೆ, ಇನ್ನೊಂದು ಅಡುಗೆಮನೆಯ ಬಾಗಿಲಿಗೆ. ಕೊಡ ಹಿಡಿದ ಹೆಂಡತಿ ಅಡ್ಡಡ್ಡ ನಡೆಯಬೇಕು, ಸ್ಪೀಕರು ಕದಲಬಾರದು!

ಆ ರೆಕಾರ್ಡು ಯುಗಾದಿಯ ಹೊತ್ತಿಗೆ ಪಾರ್ಸೆಲ್‌ನಲ್ಲಿ ಬಂದಿತ್ತು. ಕವರಿನ ಮೇಲೆ ಮೈಕಿನ ಮುಂದೆ ನಿಂತ ದಪ್ಪನೆಯ ಹಾಡುಗಾರ್ತಿ, ಹಿಂದೆ ಬೆರಳುಗಳ ನಡುವೆ ಕೋಲು ತಿರುಗಿಸುವ ಡ್ರಮ್ಮಿನವನು. ಬಸವಪ್ರಭು ಹತ್ತಿ ಅಂಗಡಿಯಲ್ಲಿದ್ದ. ಹೆಂಡತಿ ಸೌಂದರ್ಯಾ ಪಾರ್ಸೆಲ್ ಬಿಚ್ಚಿ, ಒಳ್ಳೆಯ ಮನಸ್ಸಿನಿಂದಲೇ, ಧೂಳನ್ನು ಸೆರಗಿನಿಂದ ಒರೆಸಿಟ್ಟಳು. ಸೆರಗಿಗೆ ಪಿನ್ನಿತ್ತು.

ಸಂಜೆ ಅವನು ರೆಕಾರ್ಡು ಹಚ್ಚಿದ. ಮೂರನೆಯ ಹಾಡಿನ ನಡುವೆ ಟಕ್, ಟಕ್‌ಟಕ್‌ಟಕ್. ಅದರ ಬೆನ್ನಿಗೇ ಅಡುಗೆಮನೆಯ ಬಾಗಿಲಿಂದ ಕಿಸಕ್ಕನೆ ಹೆಣ್ಣಿನ ನಗು. ಮೈಯೆಲ್ಲ ಉರಿದುಹೋಯಿತು.

"ಗೀರಿದ್ದಲ್ಲದ ನಗತೀಯೇನ?"

"ನಾ ಗೀರಿಲ್ರಿ. ನಕ್ಕೂ ಇಲ್ಲ," ಎಂದಳು, ಹಿಟ್ಟಿನ ಕೈಯಲ್ಲಿ ಹೊರಗೆ ಬಂದು.

"ಹಂಗಾರ ನಕ್ಕಾಕಿ ಯಾರು? ಸತ್ತ ನಿಮ್ಮವ್ವೇನು?"

ಅವಳ ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಸೌಂದರ್ಯಾ ಕೈ ತೊಳೆದುಕೊಂಡು, ಬ್ಯಾಗು ಹಿಡಿದು ತಮ್ಮನ ಮನೆಗೆ ಹೊರಟುಹೋದಳು. ಗೀರು ಬಿದ್ದ ರೆಕಾರ್ಡಿಗೆ ಮತ್ತೆ ಮುಳ್ಳು ತಾಗಿಸುವವನಲ್ಲ ಬಸವಪ್ರಭು. ಕೆಲವು ದಿನಗಳ ಮೇಲೆ ಕಪಾಟು ತೆರೆದು ನೋಡಿದರೆ ಅದೂ ಇಲ್ಲ.

ಇವತ್ತು, ಈ ಭಾನುವಾರದ ಸಂಜೆ, ಎರಡೂ ಮನೆಯ ಹಿರಿಯರು ಕೂಡುವವರಿದ್ದರು. ಗಂಡಹೆಂಡಿರನ್ನು ಕೂಡಿಸಬೇಕು, ಇಲ್ಲವೆ ಬಿಡಿಸಬೇಕು. ಅವನಿಗೆ ಅವಳು ಬೇಕಾಗಿದ್ದಳು, ಆದರೆ ಕಿವಿ ಹಿಡಿದುಕೊಂಡು ತಪ್ಪೊಪ್ಪಿಕೊಂಡ ಹೆಂಡತಿಯಾಗಿ ಬೇಕಾಗಿದ್ದಳು. ಈಗ ಕಳ್ಳತನವೂ ಕೈಗೆ ಸಿಕ್ಕಿತಲ್ಲ! ಹಿರಿಯರ ಮುಂದೆ ಸಾಕ್ಷಿ ಇರಲಿ ಎಂದು ಕಮರುದ್ದೀನನನ್ನು ಸ್ಕೂಟರಿನ ಹಿಂದೆ ಹತ್ತಿಸಿಕೊಂಡ. ಕಮರುದ್ದೀನ ಗುಂಪಿನ ಹಳೆಯ ಸದಸ್ಯ, ತಾರಿಹಾಳದಲ್ಲಿ ವರ್ಕ್‌ಶಾಪ್ ಇಟ್ಟವನು. ಸುಳ್ಳು ಹೇಳುವವನಲ್ಲ.

ಅಮರೇಶ ಬಾಗಿಲಲ್ಲೇ ನಿಂತಿದ್ದ.

"ಬರ್ರಿ ಮಾಮಾರ. ನಿಮ್ಮ ದಾರೀನ ನೋಡಾಕತ್ತಿದ್ವಿ."

"ಕಳ್ಳರು ಪೊಲೀಸರ ದಾರಿ ನೋಡಬೇಕು," ಎಂದು ಬಸವಪ್ರಭು ಒಳಗೆ ನುಗ್ಗಿದ.

ಎಡಗಡೆಯ ಗೋಡೆಗೆ ಸೌಂದರ್ಯಾಳ ತಾಯಿಯ ಫೋಟೊ. ಅದರ ಕೆಳಗಿನ ಕುರ್ಚಿಯಲ್ಲಿ ಸೌಂದರ್ಯಾ ಕುಳಿತಿದ್ದಳು. ಏಳಲಿಲ್ಲ.

"ಅವನಿಗ್ಯಾಕ ಬೈತೀರಿ? ರೆಕಾರ್ಡು ಒಯ್ದಾಕಿ ನಾನು. ಗುಂಪಿನ್ಯಾಗ ಹಾಕಂದಾಕೀನೂ ನಾನ."

"ಕೇಳಿದ್ರಿಲ್ಲೋ ಕಮರುದ್ದೀನ ಭಾಯಿ? ತಾನ ಒಪ್ಪಿದ್ಲು!"

"ಒಯ್ದದ್ದು ಒಪ್ಪೇನಿ. ಗೀರಿದ್ದು ಒಪ್ಪಿಲ್ಲ. ನೀವು ನನ್ನ ಫೋನಂತೂ ಎತ್ತಂಗಿಲ್ಲ, ತುಣುಕು ಮಾತ್ರ ಬಿಡದ ಕೇಳತೀರಿ. ಅದಕ್ಕ ಹಿಂಗ ಕರಸಿದೆ." ಅವಳು ಟರ್ನ್‌ಟೇಬಲ್ಲಿನ ಕಡೆಗೆ ಕೈ ತೋರಿಸಿದಳು. "ಮೂರನೇ ಹಾಡು ಪೂರಾ ಕೇಳ್ರಿ. ಗೀರು ನಂದಾದ್ರ, ಕಿವಿ ಹಿಡಕೊಂಡು ಇವತ್ತ ನಿಮ್ಮ ಮನಿಗಿ ಬರ್ತೇನಿ. ನಂದಲ್ಲಂದ್ರ, ಸಂಜಿಕ ಹಿರ್ಯಾರ ಮುಂದ ಸೋಡಚೀಟಿ ಕೊಟ್ಟು ನನ್ನ ಬಿಡಬೇಕು. ಭಾಯಿ ಸಾಕ್ಷಿ."

ಬಸವಪ್ರಭು ನಕ್ಕುಬಿಟ್ಟ. ಗೀರಿನ ವಿಷಯದಲ್ಲಿ ತನಗೆ ಸವಾಲೇ!

"ಮಾತಂದ್ರ ಮಾತು. ಹಚ್ಚೋ ಅಮರೇಶ."

"ಯೋಚನಾ ಮಾಡ್ರಿ ಸಾಹುಕಾರ್ರ," ಎಂದ ಕಮರುದ್ದೀನ.

"ಯೋಚನಾ ಏನದ ಇದರಾಗ? ಹಚ್ಚಂದೆ!"

ಮುಳ್ಳು ಇಳಿಯಿತು. ಹಾಡು ತೆರೆದುಕೊಂಡಿತು. ಬಸವಪ್ರಭು ಬೆರಳೆತ್ತಿ ಕಾದ.

ಟಕ್. ಟಕ್‌ಟಕ್‌ಟಕ್.

"ಹಾಂ! ಗೀರು! ಕೇಳಿದ್ರಿಲ್ಲೋ?"

ಅವನ ಬಲಗಡೆಯಿಂದ ಕಿಸಕ್ಕನೆ ಹೆಣ್ಣಿನ ನಗು. ಅದೇ ನಗು.

"ನೋಡ್ರಿ, ಈಗೂ ನಗತಾಳ! ನಾಚಿಕಿ ಇಲ್ಲದಾಕಿ!" ಎಂದು ಚೀರುತ್ತ ಬಲಕ್ಕೆ ತಿರುಗಿದ.

ಅಲ್ಲಿ ಸ್ಪೀಕರಿತ್ತು. ಸೌಂದರ್ಯಾ ಎಡಗಡೆ, ತಾಯಿಯ ಫೋಟೊದ ಕೆಳಗೇ, ತುಟಿ ಬಿಗಿದು ಅಳುತ್ತಿದ್ದಳು. ಕಮರುದ್ದೀನ ತಲೆ ತಗ್ಗಿಸಿದ.

ಅಮರೇಶ ಮುಳ್ಳನ್ನೆತ್ತಿ ತುಸು ಹಿಂದಕ್ಕಿಟ್ಟ. ರೆಕಾರ್ಡಿನೊಳಗೆ ಡ್ರಮ್ಮಿನವನ ಕೈಯಿಂದ ಕೋಲು ಮತ್ತೆ ಜಾರಿ ನೆಲಕ್ಕೆ ಬಿತ್ತು, ಕವರಿನ ಮೇಲಿನ ಆ ದಪ್ಪನೆಯ ಹೆಂಗಸು ಮತ್ತೆ ಕಿಸಕ್ಕನೆ ನಕ್ಕಳು.