ಅನುದಾನದ ಫೋಟೋ

ಜೀಪಿನಿಂದ ಅನುದಾನದ ತಪಾಸಣೆಗೆ ಬಂದ ಸಾಹೇಬರ ಹಿಂದೆ ಕ್ಯಾಮರಾ ಪೆಟ್ಟಿಗೆ ಹಿಡಿದು ಇಳಿದವನು ಹುಲ್ಲಪ್ಪ. ಕಿಟಕಿಯಿಂದ ಅವನನ್ನು ಕಂಡದ್ದೇ ಹೊಲಿಗೆ ಕಲಿಸುವ ಇಂದ್ರಾಬಾಯಿ ಸರ್ರನೆ ಹಿಂದೆ ಸರಿದಳು. ಫೋಟೋ ತೆಗೆಯುವವನು ಬಾಗಲಕೋಟೆಯಿಂದ ಬರುತ್ತಾನೆಂದು ಸಾಹೇಬರೇ ಹೇಳಿದ್ದರು. ಆ ಧೈರ್ಯದ ಮೇಲೆಯೇ ಅವಳು ಸತ್ಯವ್ವನನ್ನು ಇವತ್ತು ಬರಹೇಳಿದ್ದಳು.

ಹುಲ್ಲಪ್ಪ ಸತ್ಯವ್ವನ ಸೋದರಮಾವ. ದೀಪಾವಳಿ ಕಳೆದ ಮೇಲೆ ಅವನೊಂದಿಗೇ ಅವಳ ಮದುವೆ ಎಂದು ನಿಶ್ಚಯವಾಗಿತ್ತು. ಅಲ್ಲಿಯವರೆಗೆ ಹುಡುಗಿ ಓಣಿ ದಾಟಬಾರದೆಂದು ಅವನ ಅಪ್ಪಣೆ. ನೇಕಾರರ ಮನೆಗೆ ನೂಲಿನ ಕಂಡಿಕೆ ಸುತ್ತಲು ಹೋಗುತ್ತೇನೆಂದು ಹೇಳಿ ಅವಳು ಯುವತಿ ಮಂಡಳಿಯ ಹೊಲಿಗೆ ತರಗತಿಗೆ ಬರುತ್ತಿದ್ದಳು.

"ಅಕ್ಕೋರ, ಮಾವ ಬಂದಾನ್ರಿ!" ಹೊಲಿಯುತ್ತಿದ್ದ ಲಂಗವನ್ನು ಎದೆಗೆ ಅವಚಿಕೊಂಡು ಸತ್ಯವ್ವ ಎದ್ದು ನಿಂತಿದ್ದಳು. "ಹಿತ್ತಲ ಬಾಗಲದಿಂದ ಹೋಗಿಬಿಡ್ಲೇನ್ರಿ?"

ಇಂದ್ರಾಬಾಯಿ ಬಾಗಿಲತ್ತ ನೋಡಿದಳು. ಖಾಲಿ ಮಿಶಿನ್ ಕಂಡಲ್ಲಿ ಅನುದಾನ ನಿಲ್ಲಿಸಿ, ಮಿಶಿನ್‌ಗಳನ್ನೆಲ್ಲ ಟ್ರೇಲರಿಗೆ ಹೇರಿಸಿಕೊಂಡು ಹೋಗುವವರು ಈ ಸಾಹೇಬರು. ಪಕ್ಕದ ಹಳ್ಳಿಯ ಮಂಡಳಿಗೆ ಕೀಲಿ ಬಿದ್ದದ್ದು ಹಾಗೆಯೇ.

"ಕುಂದರವಾ," ಎಂದಳು. "ಸೆರಗ ಹೊತಕೊಂಡು ಬಗ್ಗಿ ಹೊಲಿ. ತೆಲಿ ಎತ್ತಬ್ಯಾಡ."

ಸಾಹೇಬರು ಒಳಗೆ ಬಂದು ಮಿಶಿನ್‌ಗಳ ಮೇಲೆ ಕಣ್ಣಾಡಿಸಿದರು. "ಬಾಗಲಕೋಟ್ಯಾಂವಗ ಜ್ವರ ಬಂದಾವಂತ್ರಿ. ನಿಮ್ಮ ಇಳಕಲ್ಲಿನಾಂವನ್ನ ಹಿಡಕೊಂಡು ಬಂದೆ. ಚಂದಂಗ ತೆಗಿಯಪಾ, ಬಿಜಾಪುರದ ಆಫೀಸಿಗೆ ಕಳಸೂದೈತಿ."

ಹುಲ್ಲಪ್ಪ ಮೂರು ಕಾಲಿನ ಸ್ಟ್ಯಾಂಡು ಊರಿ, ಕರಿ ಬಟ್ಟೆಯೊಳಗೆ ತಲೆ ತೂರಿಸಿದ.

"ಏ, ಆ ಮೂಲ್ಯಾಗಿನ ಹುಡುಗಿ!" ಸಾಹೇಬರು ನಕ್ಕರು. "ಸೂಜಿ ನುಂಗತೀ ಏನವಾ? ಮಾರಿ ಎತ್ತು. ಮಾರಿ ಕಾಣದಾಕಿ ಲೆಕ್ಕಕ್ಕಿಲ್ಲ ನೋಡ್ರಿ, ಬಾಯಾರ."

"ಅಕಿಗೆ ನಾಚಿಕಿ ಭಾಳ ಐತ್ರಿ..."

"ನಾಚಿಕಿಗೆ ಸರಕಾರ ಅನುದಾನ ಕೊಡೂದಿಲ್ರಿ."

ಸತ್ಯವ್ವ ಇಂದ್ರಾಬಾಯಿಯನ್ನು ನೋಡಿದಳು. ಇಂದ್ರಾಬಾಯಿ ಗೋಡೆ ನೋಡಿದಳು. ಹುಡುಗಿ ಮೆಲ್ಲಗೆ ಸೆರಗು ಸರಿಸಿ ಮುಖ ಎತ್ತಿದಳು.

ಕರಿ ಬಟ್ಟೆ ಅಲುಗಲಿಲ್ಲ. ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಒಳಗಿನಿಂದ ಶಾಂತವಾದ ದನಿ ಬಂತು: "ಯಾರೂ ಅಲಗಬ್ಯಾಡ್ರಿ."

ಸಾಹೇಬರು ಚಹಾ ಕುಡಿದು, "ಈ ವರ್ಷದ ಚಿಂತಿ ಬಿಡ್ರಿ ಬಾಯಾರ" ಎಂದು ಜೀಪು ಹತ್ತಿದರು. ಹುಲ್ಲಪ್ಪ ಅವರೊಂದಿಗೆ ಹೋಗಲಿಲ್ಲ. ಕರಿ ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚುತ್ತ ನಿಂತ.

"ಫೋಟೋ ಚೊಲೋ ಬರ್ತೈತ್ರಿ, ಅಕ್ಕೋರ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಇಂದ್ರಾಬಾಯಿಗೆ ಹೆದರಿಕೆಯಾದದ್ದು ಅದಕ್ಕೇ. "ಅದರಾಗ ಎಲ್ಲಾರೂ ಇರ್ತಾರ. ನಾಳಿಯಿಂದ ಆ ಮಿಶಿನ್ನಿಗೆ ಬ್ಯಾರೇದಾಕಿನ್ನ ನೋಡಕೋರಿ. ನಡಿ, ಸತ್ಯವ್ವ."

ಅರ್ಧ ಹೊಲಿದ ಲಂಗವನ್ನು ಮಿಶಿನ್ ಮೇಲೆ ಬಿಟ್ಟು ಸತ್ಯವ್ವ ಅವನ ಹಿಂದೆ ನಡೆದಳು. ಹೊಸ್ತಿಲಲ್ಲಿ ಒಮ್ಮೆ ತಿರುಗಿ, ಅಕ್ಕೋರು ಏನಾದರೂ ಅಂದಾರೇನೋ ಎಂಬಂತೆ ನಿಂತಳು.

ಇಂದ್ರಾಬಾಯಿ ಬಾಯಿ ತೆರೆದಳು. ಆದರೆ ಅವಳ ಮನಸ್ಸು ಆಗಲೇ ಓಣಿಯೊಳಗೆ ಮನೆಮನೆ ಹೊಕ್ಕು ಹುಡುಗಿಯೊಬ್ಬಳನ್ನು ಹುಡುಕುತ್ತಿತ್ತು. ಹೊಸ್ತಿಲು ಖಾಲಿಯಾಗುವ ಮೊದಲೇ ಹೆಸರೂ ಸಿಕ್ಕಿಬಿಟ್ಟಿತು: ಬೋರವ್ವ. ಅವಳಿಗೆ ಸೋದರಮಾವನಿಲ್ಲ.