ನಮ್ಮ ಭಾಷೆಯವಳು

ಸೂಟ್‌ಕೇಸನ್ನು ಮಂಚದ ಮೇಲೆ ಬೋರಲು ಹಾಕಿದರು. ಒಗೆಯದ ಚೂಡಿದಾರ, ಒಳಬಟ್ಟೆ, ಕಾಲೇಜಿನ ಗುರುತಿನ ಚೀಟಿ, ಅಮ್ಮ ಕಟ್ಟಿಕೊಟ್ಟ ಪುಡಿಯ ಡಬ್ಬಿ ಎಲ್ಲವೂ ಪರರ ಕೈಯಲ್ಲಿ ಮಗುಚಿಕೊಂಡವು. ಹೋಟೆಲಿನ ಯಜಮಾನಿ ಡಬ್ಬಿಯ ಮುಚ್ಚಳ ತೆಗೆದು, ಪುಡಿಯಲ್ಲಿ ಚಮಚ ಆಡಿಸಿ ನೋಡಿದಳು.

ಮುತ್ತಿನ ಸರ ಸಿಗಲಿಲ್ಲ.

ಹುಡುಗಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಬೇಸಿಗೆ ರಜೆಯಲ್ಲಿ ದುಡಿದು, ಕೊನೆಗೆ ಊರೂರು ಸುತ್ತಿ ಬರುವುದೆಂದು ಈ ದೇಶಕ್ಕೆ ಬಂದವಳು. ಕಾಲೇಜಿನವರು ಅವಳೊಬ್ಬಳನ್ನೇ ಆರಿಸಿ ಕಳಿಸಿದ್ದರು. ಕಳ್ಳಿ ಎನ್ನಿಸಿಕೊಂಡು ಮರಳಿದರೆ ಓದು ಅಲ್ಲಿಗೇ ಮುಗಿಯಿತು. ಅಪ್ಪ ಬೀದಿಯಲ್ಲಿ ತಲೆಯೆತ್ತಿ ನಡೆಯಲಾರ. ನಾನಲ್ಲ ಎನ್ನುವುದಕ್ಕೂ ಭಾಷೆ ಬೇಕು. ಅವಳ ಇಂಗ್ಲಿಷು ಇಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಇಲ್ಲಿನ ಭಾಷೆಯಲ್ಲಿ ಅವಳು ಕಲಿತದ್ದು ‘ನಮಸ್ಕಾರ’, ‘ಟವೆಲ್’, ‘ಕ್ಷಮಿಸಿ’. ಕ್ಷಮಿಸಿ ಎಂದರೆ ತಪ್ಪೊಪ್ಪಿಕೊಂಡಂತೆ ಆದೀತೆಂದು ಅದನ್ನೂ ನುಂಗಿಕೊಂಡಿದ್ದಳು.

ಸದ್ಯ, ಅಕ್ಕ ಇದ್ದಳು.

ಒಡಹುಟ್ಟಿದ ಅಕ್ಕನಲ್ಲ. ಕೆಲಸಕ್ಕೆ ಸೇರಿದ ದಿನ, ಕೊಳೆ ಹಾಸುಗಳ ರಾಶಿಯ ಹಿಂದಿನಿಂದ “ಅಯ್ಯೋ, ಇವರ ಮನೆ ಹಾಳಾಗ, ಏನ್ ಗಲೀಜು ಮಾಡ್ತಾರೋ!” ಎಂಬ ದನಿ ಕೇಳಿ ಹುಡುಗಿ ಕೈಯಲ್ಲಿದ್ದ ಬಕೆಟ್ಟು ಕೆಡವಿದ್ದಳು. ಕಡಲು ದಾಟಿ ಬಂದು ಕನ್ನಡದ ಬೈಗುಳ ಕೇಳಿದರೆ ಅದೂ ಆಶೀರ್ವಾದವೇ. ಅಂದಿನಿಂದ ಇಬ್ಬರದೂ ಒಂದು ಜೋಡಿ. ಕೋಣೆಗೆ ಇಬ್ಬರು ಹೋಗಬೇಕೆಂಬುದು ಹೋಟೆಲಿನ ಪದ್ಧತಿ. ಅಕ್ಕನಿಗೆ ಬಚ್ಚಲು, ಹುಡುಗಿಗೆ ಹಾಸಿಗೆ ಮತ್ತು ಕನ್ನಡಿ ಮೇಜು.

“ಕಾಲೇಜು ಮೇಡಂ, ದಿಂಬಿಗೆ ಅಂಗಿ ಹಾಕಿ ಅಂದ್ರೆ ಕತ್ತು ಹಿಚುಕ್ತೀರಲ್ಲ!” ಎಂದು ಅಕ್ಕ ಕಾಲೆಳೆಯುತ್ತಿದ್ದಳು. ಮರುಕ್ಷಣವೇ ತಾನೇ ಬಂದು ಹಾಕಿಕೊಡುತ್ತಿದ್ದಳು.

ಹುಡುಕಾಟ ಮುಗಿದ ಮೇಲೆ ಇಬ್ಬರನ್ನೂ ಆಫೀಸಿಗೆ ಕರೆದರು. ಸರ ಕಳೆದುಕೊಂಡ ಹೆಂಗಸು ಕೈಕಟ್ಟಿ ಕೂತಿದ್ದಳು. ಯಜಮಾನಿ ಹುಡುಗಿಯ ಕಡೆ ತಿರುಗಿ ಏನೋ ಕೇಳಿದಳು.

“ನಡೆದದ್ದು ಹೇಳಬೇಕಂತೆ,” ಎಂದಳು ಅಕ್ಕ. “ಹೆದರಬೇಡ ಪುಟ್ಟಾ. ಒಂದೂ ಬಿಡದ ಹಾಗೆ ನನಗೆ ಹೇಳು. ನಾನಿದೀನಿ.”

ಹುಡುಗಿ ಹೇಳಿದಳು. “ಸರ ಮೇಜಿನ ಮೇಲೇ ಇತ್ತು ಅಕ್ಕಾ. ಅದನ್ನ ಮುಟ್ಟದೇ ಸುತ್ತ ಒರೆಸಿದೆ. ಆಮೇಲೆ ನೀವು ಟವೆಲ್ ತಾ ಅಂದ್ರಲ್ಲ, ಕೆಳಗೆ ಹೋಗಿ ಬಂದೆ. ಮತ್ತೆ ಆ ಕಡೆ ನೋಡೇ ಇಲ್ಲ. ಅಮ್ಮನ ಆಣೆಗೂ ನಾನು ತಗೊಂಡಿಲ್ಲ.” ಅಮ್ಮ ಎನ್ನುವಾಗ ದುಃಖ ಒತ್ತರಿಸಿ ಬಂತು. ಮುಖ ಮುಚ್ಚಿಕೊಂಡು ಅತ್ತಳು.

ಅಕ್ಕ ಅವಳ ಬೆನ್ನು ಸವರುತ್ತಾ ಅದನ್ನೆಲ್ಲ ಯಜಮಾನಿಗೆ ಹೇಳತೊಡಗಿದಳು. ಹುಡುಗಿ ಹೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು. ನನ್ನ ಪರವಾಗಿ ಎಷ್ಟು ವಾದಿಸುತ್ತಿದ್ದಾಳೆ ಎಂದು ಹುಡುಗಿಯ ಮನಸ್ಸು ತಣ್ಣಗಾಯಿತು. ಯಜಮಾನಿಯ ಬಿಗಿದ ಮುಖ ಮೆಲ್ಲಗೆ ಸಡಿಲವಾಯಿತು. ಎದ್ದು ಬಂದು ಹುಡುಗಿಯ ಕೈ ಹಿಡಿದುಕೊಂಡಳು. ಅತಿಥಿ ಹೆಂಗಸೂ ಕಟ್ಟಿದ ಕೈ ಬಿಚ್ಚಿ, ನಿಟ್ಟುಸಿರು ಬಿಟ್ಟು, ಹೊರಗೆ ನಡೆದಳು.

“ಏನಂದ್ರು ಅಕ್ಕಾ?”

“ಬೆಟ್ಟದಂಥದ್ದು ಮಂಜಿನ ಹಾಗೆ ಕರಗಿತು ಬಿಡು,” ಎಂದಳು ಅಕ್ಕ. ಆಮೇಲೆ ದನಿ ತಗ್ಗಿಸಿದಳು. “ಆದ್ರೆ ಆ ಹೆಂಗಸು ಬಲು ಜೋರು ಕಣೇ. ನೀನು ಕಣ್ಣಿಗೆ ಬಿದ್ರೆ ಮತ್ತೆ ರಂಪ ಮಾಡ್ತಾಳೆ. ಅದಕ್ಕೇ ನಾಳೇನೇ ಊರಿಗೆ ಕಳಿಸ್ತಾರಂತೆ. ಕೊನೇ ಸಂಬಳ ತಡವಾಗತ್ತೆ. ಕೆದಕೋಕೆ ಹೋಗಬೇಡ. ಹೆಸರು ಉಳೀತಲ್ಲ, ಅದು ದೊಡ್ಡದು.”

ಊರೂರು ಸುತ್ತುವ ಕನಸು ಅಲ್ಲಿಗೆ ಮುಗಿಯಿತು. ಹುಡುಗಿ ತಲೆಯಾಡಿಸಿದಳು. ಹೆಸರು ಉಳಿಯಿತಲ್ಲ.

ಸಂಜೆ ಮನೆಗೆ ಫೋನು ಮಾಡಿದಾಗ ಅಮ್ಮ ಮೂರು ಕಂಬಳಿ ಒಗೆದು ಮಹಡಿಗೆ ಹೊತ್ತು ಹಾಕಿ ಬಂದಿದ್ದಳು.

“ಬೇಗ ಬರ್ತಿದೀಯಾ? ಯಾಕೇ? ಹುಷಾರಿಲ್ವಾ?”

“ಇಲ್ಲಿ ಕೆಲಸ ಕಮ್ಮಿ ಆಯ್ತಮ್ಮ. ನೀನು ಹೇಗಿದೀಯ?”

“ನನಗೇನೇ ಧಾಡಿ, ಗುಂಡುಕಲ್ಲಿನ ಹಾಗಿದೀನಿ. ಆ ನಿನ್ನ ಅಕ್ಕನ ಕೈಗೆ ಫೋನು ಕೊಡು.”

ಅಕ್ಕ ಫೋನು ತೆಗೆದುಕೊಂಡು, “ನೀವು ಯೋಚನೆ ಮಾಡಬೇಡಿ ಅಮ್ಮಾ, ನನ್ನ ತಂಗಿ ಬೇರೆ ಅಲ್ಲ, ಇವಳು ಬೇರೆ ಅಲ್ಲ,” ಎಂದಳು. ಅಮ್ಮ ಆ ಕಡೆಯಿಂದ, ನೂರು ವರ್ಷ ಬಾಳು ತಾಯಿ ಎಂದಳು.

ಬೆಳಿಗ್ಗೆ ಕೊಳೆ ಹಾಸುಗಳ ನಡುವೆ ನಿಂತು ಹುಡುಗಿ ಅಕ್ಕನ ಕಾಲು ಮುಟ್ಟಲು ಬಗ್ಗಿದಳು. ಅಕ್ಕ ಥಟ್ಟನೆ ಹಿಂದೆ ಸರಿದಳು. “ಥೂ, ಏನಿದು! ಹೋಗು, ಬಸ್ಸು ತಪ್ಪತ್ತೆ.” ಅವಳ ಕಣ್ಣಲ್ಲೂ ನೀರಿತ್ತು.

ಅಕ್ಕನಿಗೆ ಕೆಲಸ ಬಿಟ್ಟು ಬರಲಾಗಲಿಲ್ಲ. ಯಜಮಾನಿಯೇ ಕಾರಿನಲ್ಲಿ ಕರೆತಂದು, ವಿಮಾನ ನಿಲ್ದಾಣದ ಬಸ್ಸಿಗೆ ಹತ್ತಿಸಿದಳು. ಹತ್ತಿಸುವ ಮುಂಚೆ ಗಟ್ಟಿಯಾಗಿ ತಬ್ಬಿಕೊಂಡಳು. ಗುರುತಿಲ್ಲದ ದೇಶದಲ್ಲಿ ನನ್ನನ್ನು ನಂಬಿದವಳು ಎಂದು ಹುಡುಗಿ ಆ ಹೆಗಲ ಮೇಲೆ ಒಂದು ಗಳಿಗೆ ತಲೆಯಿಟ್ಟಳು. ಒಂದು ಮಾತು ಹೇಳಬೇಕೆನ್ನಿಸಿತು. ಹೇಳಲು ಅಕ್ಕ ಇರಲಿಲ್ಲ.

ಯಜಮಾನಿಗೂ ಹಾಗೇ ಅನ್ನಿಸಿರಬೇಕು. ಬಾಗಿಲು ಮುಚ್ಚಿಕೊಂಡು ಬಸ್ಸು ಅಲುಗುವಾಗ ಅವಳು ತನ್ನ ಫೋನಿಗೆ ಬಾಯಿ ಹತ್ತಿರ ತಂದು ಏನೋ ಹೇಳಿದಳು. ತೆರೆದ ಕಿಟಕಿಯ ಜೊತೆಗೇ ನಡೆಯುತ್ತಾ ಅದನ್ನು ಮೇಲಕ್ಕೆ ಎತ್ತಿ ಹಿಡಿದಳು. ಫೋನು, ಏರಿಳಿತವಿಲ್ಲದ ಹೆಣ್ಣುದನಿಯಲ್ಲಿ, ಸ್ಪಷ್ಟ ಕನ್ನಡದಲ್ಲಿ ಮಾತಾಡಿತು.

“ಸರ ಕದ್ದು ಮಾರಿದ್ದು ತಾಯಿಯ ಆಪರೇಷನ್ನಿಗಾಗಿ ಎಂದು ನೀವೇ ಅತ್ತು ಒಪ್ಪಿಕೊಂಡ ಮೇಲೆ, ಪೊಲೀಸರನ್ನು ಕರೆಯಲು ನನಗೆ ಮನಸ್ಸಾಗಲಿಲ್ಲ, ನಿಮ್ಮ ತಾಯಿ ಬೇಗ ಗುಣವಾಗಲಿ.”