ಹಾಡಿಗೆ ಮುಂಚೆ

"ಏನ್ರೀ ಇದು! ಮೊದಲಿನ ಭಾಗ ಎಲ್ಲಿ ಹೋಯ್ತು?" ಎಂದು ಆನ್ಸೆಲ್ಮ್ ಕುರ್ಚಿಯಿಂದ ದಡಕ್ಕನೆ ಎದ್ದ. ಚಿತಾಗಾರದ ಸ್ಪೀಕರಿನಿಂದ ಗಾಯಕನ ದನಿ ನೇರವಾಗಿ ಹೊರಟಿತ್ತು. ಮಗಳು ಸೊಲೆನ್ ಅವನ ತೋಳು ಹಿಡಿದು ಕೂರಿಸಿದಳು. ಹಾಡು ಮುಗಿಯುವಷ್ಟರಲ್ಲಿ ಹೆಂಡತಿ ಗಿಸ್ಲೇನಳ ಶವಪೆಟ್ಟಿಗೆ ಬಾಗಿಲಾಚೆ ಸರಿದಾಗಿತ್ತು.

ಆನ್ಸೆಲ್ಮ್ ಜೀವಮಾನವಿಡೀ ಪ್ಯಾರಿಸ್ಸಿನ ಗಾಯಕರ ಹಾಡುಗಳಿಗೆ ವಾದ್ಯಮೇಳ ಹೊಂದಿಸಿಕೊಟ್ಟವನು. ರೆಕಾರ್ಡಿನ ಲಕೋಟೆಯ ಮೇಲೆ ಗಾಯಕರ ಹೆಸರು ಕುಂಬಳಕಾಯಿಯಷ್ಟು, ಅವನದು ಸಾಸಿವೆಯಷ್ಟು. ನುಡಿಸಿದವರದು ಅದೂ ಇಲ್ಲ. ಈ ಹಾಡಿನ ಆರಂಭಕ್ಕೆ ಅವನು ಒಂಟಿ ಓಬೋ ವಾದ್ಯದ ತುಣುಕು ಬರೆದಿದ್ದ. ಊದಿದವಳು ಗಿಸ್ಲೇನ್. ಆಗಿನ್ನೂ ಅವರಿಗೆ ಮದುವೆಯಾಗಿರಲಿಲ್ಲ. ಅವಳ ಉಸಿರು ಉಳಿದದ್ದು ಆ ಒಂದೇ ರೆಕಾರ್ಡಿನಲ್ಲಿ.

ರೇಡಿಯೋದವರು ಅದನ್ನೂ ಕೇಳಗೊಡಲಿಲ್ಲ. ಗಾಯಕ ಬಾಯಿ ತೆರೆಯುವವರೆಗೂ ನಿರೂಪಕ ಓಬೋದ ದನಿಯ ಮೇಲೆಯೇ ಜಾಹೀರಾತು ಹರಟುತ್ತಿದ್ದ. "ನೋಡು, ನನ್ನ ತಲೆ ಮೇಲೆ ಕೂತು ಮತ್ತೆ ಸೋಪು ಮಾರ್ತಿದಾನೆ!" ಎಂದು ಗಿಸ್ಲೇನ್ ಸೂಪು ಕಲಕುತ್ತ ನಗುತ್ತಿದ್ದಳು. ಇವತ್ತೊಂದು ದಿನವಾದರೂ ಅವಳು ಪೂರ್ತಿ ಕೇಳಿಸಲಿ ಎಂಬುದಷ್ಟೇ ಮುದುಕನ ಆಸೆಯಾಗಿತ್ತು.

ಅವನು ಸಂಗೀತ ಹಾಕುವ ಕೆರ್ವೆಲಾನ ಬಳಿ ಹೋಗಿ ನಿಂತ.

"ತಪ್ಪು ತಿಳೀಬೇಡಿ ಸಾರ್," ಎಂದ ಕೆರ್ವೆಲಾ. "ಹೊರಗೆ ಇನ್ನೊಂದು ಮನೆಯವರು ಕಾಯ್ತಿದಾರೆ. ಶುರುವಿನ ವಾದ್ಯಗೀದ್ಯ ನಾವು ಯಾವಾಗ್ಲೂ ಹಾರಿಸಿಬಿಡ್ತೀವಿ. ಹಾಡು ಶುರುವಾಗೋದೇ ಅಲ್ಲಿಂದ ಅಲ್ವಾ?"

"ಅದನ್ನ ಊದಿದ್ದು ಅವಳು ಕಣಯ್ಯಾ. ಈಗ ಒಳಗೆ ಕಳಿಸಿದ್ಯಲ್ಲ, ಅವಳು."

ಕೆರ್ವೆಲಾನ ಮುಖ ಸಣ್ಣಗಾಯಿತು. "ಅಯ್ಯೋ ದೇವರೇ... ಜನ ಹೊರಡೋವಾಗ ಮೊದಲಿಂದ ಹಾಕ್ತೀನಿ ಸಾರ್. ಕೂತ್ಕೊಳ್ಳಿ."

ಆನ್ಸೆಲ್ಮ್ ಕೂರಲಿಲ್ಲ. ಸ್ಪೀಕರಿನ ಕೆಳಗೆ ನಿಂತು ಕಿವಿಗೆ ಕೈ ಆನಿಸಿಕೊಂಡ. ಓಬೋ ಶುರುವಾಯಿತು. ಅದರ ಜೊತೆಗೇ ಕುರ್ಚಿಗಳು ಕಿರುಗುಟ್ಟಿದವು. ಜನ ಕೆನ್ನೆಗೆ ಕೆನ್ನೆ ತಾಗಿಸಿ ಸಮಾಧಾನ ಹೇಳಿಕೊಂಡರು. ಯಾರೋ ಕಾರು ಎಲ್ಲಿ ನಿಲ್ಲಿಸಿದ್ದೀಯ ಎಂದು ಕೂಗಿದರು, ಇನ್ಯಾರೋ ಕಾಫಿ ಯಾರ ಮನೆಯಲ್ಲಿ ಎಂದು ವಿಚಾರಿಸಿದರು. ಆ ಗದ್ದಲದ ಸಂದಿನಲ್ಲಿ ಗಿಸ್ಲೇನ್ ಅಲ್ಲೊಂದು ಇಲ್ಲೊಂದು ಸ್ವರವಾಗಿ ಕೇಳಿಸಿದಳು.

ಆಮೇಲೆ ಗಾಯಕನ ದನಿ ಬಂತು. ಇಡೀ ಸಭಾಂಗಣ ಗಪ್ಪೆಂದಿತು. ಬಾಗಿಲ ತನಕ ಹೋದವರೂ ತಿರುಗಿ ನಿಂತು ಕಣ್ಣೊರೆಸಿಕೊಂಡರು.

ಆನ್ಸೆಲ್ಮ್ ಟೋಪಿ ಹಾಕಿಕೊಂಡು ಹೊರಟ.

"ಇರಪ್ಪಾ, ಹಾಡು ಈಗ ತಾನೇ ಶುರುವಾಯ್ತು," ಎಂದು ಸೊಲೆನ್ ಪಿಸುಗುಟ್ಟಿದಳು.

"ಇಲ್ಲ ಕಣಮ್ಮ," ಎಂದ ಅವನು. "ಮುಗೀತು."